ತೂಕ ನೋಡಿ ತಂದ ಲ್ಯಾಪ್‌ಟಾಪ್

ಫಾರಿಸನ ಬಾಯಿಗೆ ಲ್ಯಾಪ್‌ಟಾಪ್ ಚಾರ್ಜರಿನ ವಯರನ್ನು ಎರಡು ಸುತ್ತು ಬಿಗಿದಿದ್ದರು. ವಯರಿನ ತುದಿಯ ಕಪ್ಪು ಅಡಾಪ್ಟರು ಅವನ ಎದೆಯ ಮೇಲೆ ನೇತಾಡುತ್ತಿತ್ತು. ಅದರ ಮೂಲೆಯಲ್ಲಿ ರಕ್ತ, ರಕ್ತಕ್ಕೆ ಅಂಟಿದ ನರೆಗೂದಲು. ಯಾವುದರಿಂದ ಹೊಡೆದರು ಎಂದು ಕೇಳುವ ಅಗತ್ಯವಿರಲಿಲ್ಲ.

ಶುಕ್ರವಾರದ ಮಧ್ಯಾಹ್ನ. ದುಬೈಯ ದೇರಾ ಪೇಟೆಯ ಆ ಗಲ್ಲಿಯ ಅಂಗಡಿಗಳೆಲ್ಲ ನಮಾಜಿಗೆಂದು ಶಟರ್ ಎಳೆದುಕೊಂಡಿದ್ದವು. ಅಬ್ದುಲ್ ಬಾರಿಯವರ ಕಂಪ್ಯೂಟರ್ ಅಂಗಡಿಯ ಶಟರ್ ಮಾತ್ರ ಮೊಣಕಾಲೆತ್ತರಕ್ಕೆ ನಿಂತಿತ್ತು. ಬಗ್ಗಿ ಒಳಗೆ ತೂರಿದ ನನಗೆ ಮೊದಲು ಕಂಡದ್ದು ಇದು: ಹಿಂದಿನ ಗೋದಾಮಿನಲ್ಲಿ, ಲ್ಯಾಪ್‌ಟಾಪ್ ಡಬ್ಬಿಗಳ ನಡುವೆ, ಕಬ್ಬಿಣದ ಕುರ್ಚಿಗೆ ಕಟ್ಟಿ ಹಾಕಿದ ಫಾರಿಸ್.

"ಅಲ್ಲಾಡಬೇಡ ಮಾರಾಯ, ಬಿಚ್ತೇನೆ," ಎಂದೆ.

ಬಿಚ್ಚಿದ ಕೂಡಲೇ ಅವನ ಬಾಯಿಂದ ಬಂದದ್ದು ಮಾತಲ್ಲ, ಮುರಿದ ಹಲ್ಲು. ಬಲಗೈಯ ಬೆರಳುಗಳು ಊದಿ ನೀಲಿಯಾಗಿದ್ದವು. ಒಂದೊಂದನ್ನೇ ಹಿಂದಕ್ಕೆ ಮಡಚಿದ್ದಾರೆ, ಪಾಪಿಗಳು.

ಈ ಫಾರಿಸ್ ಅಂಗಡಿಯ ಸೇಲ್ಸ್‌ಮನ್. ಭಟ್ಕಳದವನು, ಐವತ್ತರ ಹತ್ತಿರದ ಸಾಧು ಮನುಷ್ಯ. ಗಿರಾಕಿ ಬೈದರೂ ಚಾ ತರಿಸಿ ಕೊಡುವ ಪೈಕಿ. ಇಂಥವನ ಮೇಲೆ ಕೈ ಮಾಡಲು ಮನಸ್ಸಾದರೂ ಹೇಗೆ ಬಂತೋ! ನನಗೆ ಸಿಟ್ಟು ನೆತ್ತಿಗೇರಿತು. ಆಂಬುಲೆನ್ಸಿಗೆ ಫೋನ್ ಮಾಡಿದೆ.

ನಾನು ಮೋಹನದಾಸ್. ಪತ್ತೇದಾರ ಎಂದು ಬೋರ್ಡು ಹಾಕಿದರೆ ಈ ದೇಶದಲ್ಲಿ ಮೊದಲು ನನ್ನನ್ನೇ ಹಿಡಿದು ಒಳಗೆ ಹಾಕುತ್ತಾರೆ. ಹಾಗಾಗಿ ಕಾರ್ಡಿನಲ್ಲಿ 'ವಿಮಾ ಸರ್ವೇಯರ್' ಎಂದಿದೆ. ಊರಿನವರಿಗೆ ಕಷ್ಟ ಬಂದಾಗ ಮಾತ್ರ ನಾನು ಪತ್ತೇದಾರ. ಮೊನ್ನೆ ಬುಧವಾರ ಸಂಜೆ ಸಿಲಿಕಾನ್ ಓಯಸಿಸ್‌ನ ಕಾಲೇಜಿನ ಪಾರ್ಕಿಂಗಿನಲ್ಲಿ ಅಶ್ಮಿತಾ ಎಂಬ ಹುಡುಗಿಯನ್ನು ಕಾರಿಗೆ ಒತ್ತಿ ಹಿಡಿದು ಅವಳ ಎಡಗೈ ಮುರಿದವನು ಕೇಳಿದ್ದು ಒಂದೇ ಪ್ರಶ್ನೆ: "ಲ್ಯಾಪ್‌ಟಾಪ್ ಎಲ್ಲಿ?" ಆ ಲ್ಯಾಪ್‌ಟಾಪ್ ಕೊಂಡದ್ದು ಇದೇ ಅಂಗಡಿಯಲ್ಲಿ.

"ಫಾರಿಸ್, ಯಾರು ಹೊಡೆದದ್ದು? ಆ ಲ್ಯಾಪ್‌ಟಾಪಿನಲ್ಲಿ ಎಂತ ಉಂಟು?"

ಅವನ ತುಟಿ ಅಲ್ಲಾಡಿತು. ಕಿವಿಯನ್ನು ಬಾಯಿಯ ಹತ್ತಿರ ಕೊಟ್ಟೆ.

"ಹಿಂದಿನ ಸಾಲಿಂದು... ಕೊಡ್ಬಾರದಿತ್ತಂತೆ. ನಂಗೆ ಗೊತ್ತಿರ್ಲಿಲ್ಲ ಸಾರ್. ಆ ಅಕ್ಕ... ಹಿಂದಿಂದೇ ಬೇಕು ಅಂದ್ರು..."

ಕತ್ತು ವಾಲಿತು. ಉಸಿರಿತ್ತು, ಎಚ್ಚರವಿರಲಿಲ್ಲ.

ಹಿಂದಿನ ಸಾಲು. ಈ ಮಾತನ್ನು ನಾನು ಇವತ್ತು ಕೇಳುತ್ತಿರುವುದು ಎರಡನೇ ಸಲ. ಮೊದಲ ಸಲ ಕೇಳಿದಾಗ ಮಂಗನ ಹಾಗೆ ನಕ್ಕುಬಿಟ್ಟಿದ್ದೆ.

ಕೇಳಿದ್ದು ಒಂದು ಗಂಟೆಯ ಹಿಂದೆ, ಖುಸೈಸಿನಲ್ಲಿ, ಅಶ್ಮಿತಾಳ ಮನೆಯಲ್ಲಿ. ಹುಡುಗಿಯ ತಾಯಿ ಜಲಜಾಕ್ಷಿ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಸಾಕಿ ಕಾಲೇಜಿಗೆ ಸೇರಿಸಿದವಳು. ಉಡುಪಿಯ ಕಡೆಯವಳು, ಮಾತಿನಲ್ಲಿ ಯಾರಿಗೂ ಸೋಲುವ ಜೀವ ಅಲ್ಲ.

"ಜಲಜಕ್ಕ, ಅಂಗಡಿಯಲ್ಲಿ ಅಷ್ಟು ಲ್ಯಾಪ್‌ಟಾಪ್ ಇರುವಾಗ ನೀವು ಇದನ್ನೇ ತಕೊಂಡದ್ದು ಎಂತಕ್ಕೆ?" ಎಂದು ಕೇಳಿದ್ದೆ.

"ಎಂತಕ್ಕೆ ಅಂದ್ರೆ? ಅವ ಮುಂದೆ ಇದ್ದದ್ದನ್ನು ಕೊಟ್ಟ. ನಾನು ಬೇಡ ಹೇಳಿದೆ. ಸೂಪರ್ ಮಾರ್ಕೆಟಿನಲ್ಲಿ ಹಾಲು ತಕೊಳ್ಳುವಾಗ ಮುಂದಿನದ್ದು ತಕೊಳ್ತೀರಾ ನೀವು? ಹಳೇದನ್ನೆಲ್ಲ ಮುಂದೆ ದೂಡಿಟ್ಟಿರ್ತಾರೆ. ಹಿಂದಿನ ಸಾಲಿಗೆ ಕೈ ಹಾಕಿ ನಾನೇ ಎರಡು ಎತ್ತಿದೆ."

"ಲ್ಯಾಪ್‌ಟಾಪ್ ಎಂತ ಹಾಲಿನ ಪ್ಯಾಕೆಟಾ?"

"ನಗಾಡಿ, ನಗಾಡಿ. ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ತೂಗಿ ನೋಡಿದೆ ಮೋಹನಣ್ಣ. ಒಂದು ಹಗುರ, ಒಂದು ಒಳ್ಳೆ ಭಾರ. ಭಾರ ಇದ್ದದ್ದನ್ನೇ ತಂದೆ. ಕುಕ್ಕರಾಗಲಿ ಬಾಣಲೆಯಾಗಲಿ, ತೂಕ ಇದ್ದರೆ ಬಾಳಿಕೆ."

"ಓ ಮೈ ಗಾಡ್, ಅಮ್ಮಾ!" ಸೋಫಾದಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ಅಶ್ಮಿತಾ ಹಣೆ ಚಚ್ಚಿಕೊಂಡಳು. "ಅಂಕಲ್, ಎಲ್ರೂ ಲೈಟ್ ಇರೋದು ಬೇಕು ಅಂತ ಎಕ್ಸ್‌ಟ್ರಾ ದುಡ್ಡು ಕೊಡ್ತಾರೆ. ಶೀ ಪಿಕ್ಡ್ ದ ಹೆವಿಯೆಸ್ಟ್! ಮೇಲಿಂದ ಬ್ಯಾಟರಿ ನಿಲ್ಲೋದೇ ಇಲ್ಲ. ಚಾರ್ಜರ್ ತೆಗೆದ ಕೂಡ್ಲೇ ಆಫ್. ಅದಕ್ಕೇ ನಾನು ಬುಧವಾರ ಕಾಲೇಜಿಗೆ ತಕೊಂಡೇ ಹೋಗಿರ್ಲಿಲ್ಲ."

ಅದು ಚೀಲದಲ್ಲಿದ್ದು ಕೊಟ್ಟುಬಿಟ್ಟಿದ್ದರೆ ಮಗುವಿನ ಕೈ ಉಳಿಯುತ್ತಿತ್ತು. ಚೀಲದಲ್ಲಿ ಪುಸ್ತಕ ಮಾತ್ರ ಕಂಡು ಆ ರಾಕ್ಷಸ ಅವಳ ಕೈಯನ್ನು ಕಾರಿನ ಬಾಗಿಲಿಗೆ ಸಿಕ್ಕಿಸಿ ಬಾಗಿಲು ಹಾಕಿದ್ದ. ಒಮ್ಮೆಯಲ್ಲ, ಎರಡು ಸಲ.

"ಮತ್ತೆ ಓಪನ್ ಮಾಡಿದ್ರೆ ನನ್ನ ಹೆಸರೂ ಬರಲ್ಲ," ಎಂದು ಅವಳು ಸೇರಿಸಿದಳು. "ಸ್ಕ್ರೀನಲ್ಲಿ ಆರ್. ಕೆ. ಸುವರ್ಣ ಅಂತ ಮಾಮನ ಹೆಸರು. ಕ್ಲಾಸಲ್ಲಿ ಎಲ್ರೂ ನಗ್ತಾರೆ."

"ಅಯ್ಯೋ, ಅದಕ್ಕೂ ನನ್ನನ್ನೇ ಬೈಯಿ," ಎಂದು ರಂಜಿತ್ ನಕ್ಕ. ಅವನು ಜಲಜಾಕ್ಷಿಯ ತಮ್ಮ. "ನೀವು ಹೋಗುವ ಮೊದಲೇ ಅಂಗಡಿಗೆ ಫೋನ್ ಮಾಡಿ, ಹೆಸರು ಹಾಕಿ ರೆಡಿ ಮಾಡಿಡಿ ಅಂತ ಹೇಳಿದ್ದೆ. ಅವ್ರು ನನ್ನ ಹೆಸರೇ ಹಾಕಿಟ್ರು. ನಾನೆಲ್ಲಿ ಒಳಗೆ ಬಂದು ನೋಡುದು? ದೇರಾದಲ್ಲಿ ಪಾರ್ಕಿಂಗ್ ಹುಡುಕಿ ಸುತ್ತುವಷ್ಟರಲ್ಲಿ ಅಕ್ಕ ಕೊಂಡುಕೊಂಡೇ ಬಂದಾಗಿತ್ತು."

ಒಳ್ಳೆಯ ಹುಡುಗ ಎಂದುಕೊಂಡೆ. ನಾಳೆ ಊರಿಗೆ ಹೊರಟವನು ಅಕ್ಕನ ಮಗಳಿಗೆ ಹೀಗಾಯಿತೆಂದು ಟಿಕೆಟು ರದ್ದು ಮಾಡಿ ಕೂತಿದ್ದ. ನಮ್ಮ ಕಡೆ ಸೋದರಮಾವನೆಂದರೆ ಅಪ್ಪನಿಗಿಂತ ಒಂದು ಹಿಡಿ ಹೆಚ್ಚೇ. ಹುಡುಗಿಗೆ ಮದುವೆಯಾಗಲಿ, ಕಾಯಿಲೆಯಾಗಲಿ, ಮೊದಲು ಎದ್ದು ನಿಲ್ಲಬೇಕಾದವನು ಅವನೇ.

ಬಿಲ್ಡಿಂಗಿನ ಕೆಳಗೆ ಒಂದು ಬಿಳಿ ವ್ಯಾನು ಬಂದು ನಿಲ್ಲುತ್ತಿದೆ ಎಂದು ವಾಚ್‌ಮನ್ ನನಗೆ ಹೇಳಿದ್ದ. ಜಲಜಾಕ್ಷಿ ಹೆದರಬಾರದೆಂದು ನಾನು ಅವಳಿಗೆ ಹೇಳಿರಲಿಲ್ಲ. ಪೊಲೀಸರು ಬಂದರೆ ವ್ಯಾನು ಮಾಯ, ಅವರು ಹೋದರೆ ಮತ್ತೆ ಹಾಜರು. ಹುಡುಗಿಯೂ ಲ್ಯಾಪ್‌ಟಾಪೂ ಆ ಮನೆಯಲ್ಲಿರುವುದು ಸರಿಯಲ್ಲ ಎನಿಸಿತು. ಅಬುಧಾಬಿಯಲ್ಲಿ ಹುಡುಗಿಯ ಚಿಕ್ಕಮ್ಮ ಇದ್ದಾಳೆ. ರಂಜಿತನ ಜೊತೆ ಅಲ್ಲಿಗೆ ಕಳಿಸೋಣ, ಲ್ಯಾಪ್‌ಟಾಪನ್ನು ನಾಳೆ ನಾನೇ ಬಂದು ಬಿಚ್ಚಿ ನೋಡುತ್ತೇನೆ ಎಂದೆ.

"ಈ ಬಿಸಿಲಿಗೆ ಕಾರಿನಲ್ಲಾ?" ಜಲಜಾಕ್ಷಿ ಹುಬ್ಬು ಗಂಟಿಕ್ಕಿದಳು. "ಬಿಸಿಗೆ ಲ್ಯಾಪ್‌ಟಾಪ್ ಹಾಳಾಗ್ತದೆ ಅಂತ ಪುಸ್ತಕದಲ್ಲೇ ಬರೆದಿದ್ದಾರೆ."

"ನಿಮಗೆ ಲ್ಯಾಪ್‌ಟಾಪ್ ಮುಖ್ಯವೋ ಮಗಳು ಮುಖ್ಯವೋ?" ಎಂದು ನಾನು ರೇಗಿದೆ.

ಅವಳು ಗೊಣಗುತ್ತಾ ಅಡಿಗೆಮನೆಗೆ ಹೋದಳು. ಆ ಲ್ಯಾಪ್‌ಟಾಪಿಗೆ ಅವಳು ಮಾಡಿದ ಸೇವೆ ಕೂಸಿಗೂ ಮಾಡಿರಲಿಕ್ಕಿಲ್ಲ. ಪರದೆಗೆ ಒಂದು ಪ್ಲಾಸ್ಟಿಕ್, ಕೀಬೋರ್ಡಿಗೆ ಒಂದು ಪ್ಲಾಸ್ಟಿಕ್, ಅದರ ಮೇಲೆ ಟವೆಲ್ಲು, ಆಮೇಲೆ ಸತ್ವಾದ ಟೈಲರ್ ಹತ್ತಿರ ಹಳೆಯ ಕಂಬಳಿಯಲ್ಲಿ ಹೊಲಿಸಿದ ದಪ್ಪ ಚೀಲ, ಚೀಲದ ಜಿಪ್ಪಿಗೆ ಪುಟ್ಟ ಹಿತ್ತಾಳೆ ಬೀಗ. ಮಗಳು ಓದಿ ಮುಗಿಸಿದ ಮೇಲೆ ಅದು ನೇರ ಕಪಾಟಿಗೆ. ಕಪಾಟಿನ ಕೀಲಿ ಇವಳ ಸೊಂಟದಲ್ಲಿ. ಅಡಿಗೆಮನೆಯಿಂದ ಬಹಳ ಹೊತ್ತು ಪಾತ್ರೆಯ ಸದ್ದು ಬಂತು. ಕೊನೆಗೆ ಬೀಗ ಹಾಕಿದ ಕಂಬಳಿ ಚೀಲವನ್ನು ತಂದು ತಮ್ಮನ ಕೈಗಿಟ್ಟಳು.

"ಬೀಗದ ಕೀ ನನ್ನ ಹತ್ರವೇ ಇರ್ಲಿ."

"ಇರ್ಲಿ ಅಕ್ಕ," ಎಂದ ರಂಜಿತ್.

ಬೇಸ್‌ಮೆಂಟಿನ ಹಿಂದಿನ ದಾರಿಯಿಂದ, ವ್ಯಾನಿನವನಿಗೆ ಕಾಣದ ಹಾಗೆ, ಅವರ ಕಾರನ್ನು ನಾನೇ ನಿಂತು ಹೊರಡಿಸಿದೆ. ಜಲಜಾಕ್ಷಿಗೆ ಸಂಜೆ ಡ್ಯೂಟಿಯಿತ್ತು, ಮನೆಯಲ್ಲೇ ಉಳಿದಳು. ಯಾರು ಬಂದರೂ ಬಾಗಿಲು ತೆಗೆಯಬೇಡಿ ಎಂದು ಮೂರು ಸಲ ಹೇಳಿ ಇಲ್ಲಿಗೆ ಬಂದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ ಕೂಡ.

ಗೋದಾಮಿನ ಮೂಲೆಯ ಬಚ್ಚಲಿನಲ್ಲಿ ನಲ್ಲಿಯ ಸದ್ದು ನಿಂತಿತು.

ಅಲ್ಲಿಯವರೆಗೆ ಸದ್ದು ಇತ್ತೆಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ತಿರುಗುವಷ್ಟರಲ್ಲಿ ಬಾಗಿಲು ಒದ್ದುಕೊಂಡು ಝಾಹಿದ್ ಹೊರಬಂದ. ಅಬ್ದುಲ್ ಬಾರಿಯವರ ಮಗ, ಈಗ ಅಂಗಡಿಯನ್ನು ನಡೆಸುವವನು. ಬಿಳಿ ಕಂದೂರ ನಿಲುವಂಗಿಯ ಎದೆಯೆಲ್ಲ ಕೆಂಪು. ಬಲಗೈಯಲ್ಲಿ ಡಬ್ಬಿ ಕೊಯ್ಯುವ ಕಟರ್. ಎಡಗೈಗೆ ಟವೆಲ್ಲು ಸುತ್ತಿಕೊಂಡಿದ್ದ.

"ಝಾಹಿದ್, ಕಟರ್ ಕೆಳಗಿಡು."

"ನೀವು ಬರ್ಬಾರದಿತ್ತು ಸಾರ್."

ಹೇಳಿ ಮುಗಿಸುವ ಮೊದಲೇ ಬೀಸಿದ. ನನ್ನ ಮುಂದೋಳು ಉದ್ದಕ್ಕೆ ಸೀಳಿತು. ಮೊದಲು ತಣ್ಣಗೆನಿಸಿತು, ಮರುಕ್ಷಣ ಮೆಣಸು ಅರೆದು ಹಚ್ಚಿದ ಹಾಗೆ ಉರಿಯಿತು. ಅವನು ಎರಡನೇ ಸಲ ಬೀಸಿದ್ದು ನನ್ನ ಕುತ್ತಿಗೆಗೆ. ಕೈಗೆ ಸಿಕ್ಕಿದ್ದು ಮೇಜಿನ ಮೇಲೆ ತೆರೆದಿಟ್ಟಿದ್ದ ಒಂದು ಹಳೆಯ ಲ್ಯಾಪ್‌ಟಾಪ್. ಅದನ್ನೇ ಅಡ್ಡ ಹಿಡಿದೆ. ಕಟರಿನ ಅಲಗು ಪರದೆಯೊಳಗೆ ನುಗ್ಗಿ ಸಿಕ್ಕಿಕೊಂಡಿತು.

ಅವನು ಎಳೆಯುತ್ತಿದ್ದಾಗಲೇ ಮುಚ್ಚಳವನ್ನು ಅವನ ಬೆರಳುಗಳ ಮೇಲೆ ಬಲವಾಗಿ ಮುಚ್ಚಿ, ಮೇಜಿಗೆ ಒತ್ತಿ, ಅದರ ಮೇಲೆ ಮೊಣಕಾಲು ಊರಿದೆ. ಏನೋ ಲಟಕ್ಕೆಂದಿತು. ಝಾಹಿದ್ ಕಿರುಚಿದ. ಎಡಗೈಯಿಂದ ನನ್ನ ಮುಖಕ್ಕೆ ಗುದ್ದಲು ಬಂದವನು ತಾನೇ ಇನ್ನೂ ಜೋರಾಗಿ ಕಿರುಚಿ ಕುಸಿದ. ಟವೆಲ್ಲು ಬಿಚ್ಚಿ ಬಿತ್ತು.

ಆ ಕೈಯಲ್ಲಿ ಕಿರುಬೆರಳು ಇರಲಿಲ್ಲ.

ಗಾಯ ಇನ್ನೂ ಹಸಿ. ಬಚ್ಚಲಿನಲ್ಲಿ ಅವನು ತೊಳೆಯುತ್ತಿದ್ದದ್ದು ಫಾರಿಸನ ರಕ್ತವನ್ನಲ್ಲ, ತನ್ನದನ್ನು. ಕಟರನ್ನು ಒದ್ದು ಡಬ್ಬಿಗಳಾಚೆ ದೂಡಿದೆ. ಅವನ ಕೊರಳಪಟ್ಟಿ ಹಿಡಿದೆತ್ತಿ ಗೋಡೆಗೆ ಕುಟ್ಟಿದೆ. ತಪ್ಪಲ್ಲವೇ ಎಂದು ಕೇಳಬೇಡಿ. ಫಾರಿಸನ ಹಲ್ಲು ನೆಲದಲ್ಲಿ ಬಿದ್ದಿತ್ತು.

"ಇವನಿಗೆ ಹೊಡೆದದ್ದು ನೀನಾ?"

"ಹೌದು."

"ಚಿಕ್ಕಂದಿನಿಂದ ನಿನ್ನನ್ನು ಎತ್ತಿ ಆಡಿಸಿದ ಮನುಷ್ಯನಲ್ವೇನೋ!"

"ನನ್ನ ಬೆರಳು ತೆಗೆದ್ರು ಸಾರ್!" ಅವನು ಚಿಕ್ಕ ಮಗುವಿನಂತೆ ಅತ್ತ. "ಇವತ್ತು ಸಂಜೆ ಮಗ್ರಿಬ್ ನಮಾಜಿನ ಒಳಗೆ ಲ್ಯಾಪ್‌ಟಾಪ್ ಸಿಗದಿದ್ರೆ ಕೈಯೇ ತೆಗೀತಾರಂತೆ. ಮಾರಿದ್ದು ಇವನು. ಕದ್ದವರ ಜೊತೆ ಇವನೂ ಸೇರಿದ್ದಾನೆ ಅಂತ ನಾನು..."

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಮೇಲಿನವರು ಇವನನ್ನು ಕೊಯ್ದರು, ಇವನು ಕೆಳಗಿನವನನ್ನು ಕೊಯ್ದ. ನನಗೆ ಅವನ ಮೇಲೆ ಕನಿಕರ ಬರಬೇಕಿತ್ತೇನೋ. ಬರಲಿಲ್ಲ.

"ಲ್ಯಾಪ್‌ಟಾಪಿನೊಳಗೆ ಎಂತ ಉಂಟು? ಬೇಗ ಹೇಳು."

"ಚಿನ್ನ. ಬ್ಯಾಟರಿ ತೆಗೆದು ಆ ಜಾಗದಲ್ಲಿ ಚಿನ್ನದ ತಗಡು. ಕಪ್ಪು ಟೇಪ್ ಸುತ್ತಿ."

ತಲೆಯೊಳಗೆ ದೀಪ ಹತ್ತಿತು. ಚಾರ್ಜರ್ ತೆಗೆದರೆ ಆಫ್. ಒಳ್ಳೆ ಭಾರ. ಕುಕ್ಕರು, ಬಾಣಲೆ! ಜಲಜಕ್ಕಾ, ಇಡೀ ದುಬೈಯಲ್ಲಿ ಭಾರದ ಲ್ಯಾಪ್‌ಟಾಪೇ ಬೇಕೆಂದು ಹುಡುಕಿ ತೂಗಿ ತಂದ ಏಕೈಕ ಹೆಂಗಸು ನೀವೇ ಇರಬೇಕು.

"ನಿನ್ನ ಅಪ್ಪನಿಗೆ ಗೊತ್ತುಂಟಾ ಇದು?"

"ಅಬ್ಬಾ ಮಕ್ಕಾಕ್ಕೆ, ಉಮ್ರಾ ಯಾತ್ರೆಗೆ ಹೋಗಿದ್ದಾರೆ. ಗೊತ್ತಾದ್ರೆ ಎದೆ ಒಡ್ಕೊಂಡು ಸಾಯ್ತಾರೆ."

"ಅಂಗಡಿ ಕಪಾಟಿನಲ್ಲಿ ಯಾಕಿಟ್ಟೆ ಅದನ್ನು?"

"ಒಂದು ದಿನದ ಮಟ್ಟಿಗೆ ಸಾರ್. ಹಿಂದಿನ ಸಾಲಿಗೆ ಯಾರು ಕೈ ಹಾಕ್ತಾರೆ? ಎಲ್ರೂ ಕೊಟ್ಟದ್ದನ್ನು ತಕೊಂಡು ಹೋಗ್ತಾರೆ. ನಾನು ಇರ್ಲಿಲ್ಲ. ಫಾರಿಸಿಗೆ ನಾನು ಹೇಳಿರ್ಲಿಲ್ಲ."

ಹೊರಗೆ ಮಸೀದಿಯ ಮೈಕಿನಲ್ಲಿ ಖುತ್ಬಾ ಪ್ರವಚನ ನಡೆಯುತ್ತಿತ್ತು. ಆಂಬುಲೆನ್ಸಿನ ಸುಳಿವಿಲ್ಲ. ನನ್ನ ಕರವಸ್ತ್ರವನ್ನು ತೋಳಿಗೆ ಹಲ್ಲಿನಿಂದ ಬಿಗಿದುಕೊಂಡೆ.

"ಹುಡುಗಿಯ ಕೈ ಮುರಿದವ ಯಾರು?"

"ಆನ್ಸೆಲ್ಮ್. ಬರ್ ದುಬೈಯ ಬಾರಿನಲ್ಲಿ ಬೌನ್ಸರ್ ಆಗಿದ್ದವ. ಚಿನ್ನದ ಯಜಮಾನರ ಕೆಲಸ ಮಾಡ್ತಾನೆ. ನನ್ನ ಬೆರಳು ತೆಗೆದದ್ದೂ ಅವನೇ. ಈಗ ಆ ಅಕ್ಕನ ಬಿಲ್ಡಿಂಗ್ ಕೆಳಗೆ ವ್ಯಾನಿನಲ್ಲಿ ಕೂತಿದ್ದಾನೆ. ಬಿಲ್ಲಿನಲ್ಲಿ ಫೋನ್ ನಂಬರ್ ಇತ್ತಲ್ಲ, ಅದರಿಂದ ಹುಡುಕಿದ."

ಕಾಯಲಿ, ಕಾಯುತ್ತಾ ಕೊಳೆಯಲಿ ಎಂದುಕೊಂಡೆ. ಹುಡುಗಿಯೂ ಲ್ಯಾಪ್‌ಟಾಪೂ ಅವನ ಕಣ್ಣು ತಪ್ಪಿಸಿ ಅಬುಧಾಬಿಯ ದಾರಿ ಹಿಡಿದಾಗಿದೆ. ಒಂದು ಪ್ರಶ್ನೆ ಮಾತ್ರ ಉಳಿದಿತ್ತು, ಅದನ್ನೂ ಸುಮ್ಮನೆ, ವಿಮೆಯ ಹಳೆಯ ಚಾಳಿಯಿಂದ ಕೇಳಿದೆ.

"ಅದನ್ನು ಊರಿಗೆ ಒಯ್ಯುವವ ಯಾರಿದ್ದ?"

"ಮಂಗಳೂರು ಫ್ಲೈಟಿಗೆ ಒಬ್ಬನನ್ನು ಗೊತ್ತು ಮಾಡಿದ್ವಿ. ಒಬ್ಬರಿಗೆ ಒಂದು ಲ್ಯಾಪ್‌ಟಾಪಿಗೆ ಕಸ್ಟಮ್ಸಿನಲ್ಲಿ ಸುಂಕ ಇಲ್ಲ. ಆದ್ರೆ ಹೊಸದರ ಹಾಗೆ ಕಾಣಬಾರ್ದು, ಅವನದ್ದೇ ಹಳೇದು ಅನ್ನಿಸ್ಬೇಕು. ಅದಕ್ಕೆ ನಾವು ಮೊದಲೇ ಒಯ್ಯುವವನ ಹೆಸರು ಹಾಕಿಟ್ಟಿರ್ತೇವೆ. ಆಫೀಸರ್ ಓಪನ್ ಮಾಡಿಸಿ ನೋಡಿದ್ರೆ ಸ್ಕ್ರೀನಲ್ಲೂ ಪಾಸ್‌ಪೋರ್ಟಿನಲ್ಲೂ ಒಂದೇ ಹೆಸರು ಬರ್ಬೇಕು."

ನನ್ನ ಕೈ ಅವನ ಕೊರಳಪಟ್ಟಿಯಿಂದ ತಾನಾಗಿ ಜಾರಿತು.

"ಎಂತ ಹೆಸರು ಹಾಕಿದ್ದೆ ಅದರಲ್ಲಿ?"

"ಸುವರ್ಣ. ಆರ್. ಕೆ. ಸುವರ್ಣ. ಮೊನ್ನೆ ಬಂದು ಗಲಾಟೆ ಮಾಡಿದ, ನನ್ನ ಪೀಸ್ ಎಲ್ಲಿ, ನೀವೇ ತಿಂದು ಹಾಕಿದ್ರಿ ಅಂತ. ಅವ ಹಾಗೆ ಹೇಳಿದ್ದಕ್ಕೇ ಯಜಮಾನರಿಗೆ ನನ್ನ ಮೇಲೆ ಸಂಶಯ ಬಂದದ್ದು. ಅವನ ಗುರ್ತ ಉಂಟಾ ಸಾರ್ ನಿಮಗೆ?"

ಉಂಟಪ್ಪಾ, ಉಂಟು. ನನ್ನ ಕೈಯಾರೆ ಹುಡುಗಿಯನ್ನು ಅವನ ಕಾರಿನಲ್ಲಿ ಕೂರಿಸಿ ಬಾಗಿಲು ಹಾಕಿದ್ದೇನೆ.

ನಾನೆಂಥ ಕತ್ತೆ! ಜಲಜಾಕ್ಷಿ ಯಾವ ಡಬ್ಬಿ ಎತ್ತುತ್ತಾಳೆಂದು ಮಾರಿದವನಿಗೇ ಗೊತ್ತಿರಲಿಲ್ಲ. ಹಿಂದಿನ ಸಾಲಿಂದ, ತೂಗಿ ನೋಡಿ, ತಾನೇ ಆರಿಸಿದ್ದು. ಹಾಗಿರುವಾಗ ಅದರಲ್ಲಿ ಮೊದಲೇ ಫೋನ್ ಮಾಡಿ ಹೆಸರು ಹಾಕಿಸಿಡುವುದು ಹೇಗೆ ಸಾಧ್ಯ? ಅವನು ನಗುತ್ತಾ ಹೇಳಿದ, ನಾನು ನಗುತ್ತಾ ನುಂಗಿದೆ. ಮೂವತ್ತು ವರ್ಷ ಸುಳ್ಳು ಕ್ಲೇಮು ಹಿಡಿದವನು ಸೋದರಮಾವ ಎಂಬ ಒಂದು ಪದಕ್ಕೆ ಕಣ್ಣು ಮುಚ್ಚಿಕೊಂಡೆ.

ಮನೆಯಲ್ಲಿ ಲ್ಯಾಪ್‌ಟಾಪ್ ಹೊತ್ತಿಸಿದ ದಿನವೇ ತನ್ನ ಹೆಸರು ಕಂಡು ರಂಜಿತನಿಗೆ ಎಲ್ಲ ಗೊತ್ತಾಗಿದೆ. ಬಾಯಿ ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಿಡಲಿಲ್ಲ. ಚಿನ್ನವನ್ನು ತಾನೇ ಹೊಡೆಯುವ ಆಸೆ. ಸಂಶಯ ತನ್ನ ಮೇಲೆ ಬಾರದಿರಲೆಂದು ಅಂಗಡಿಗೆ ಹೋಗಿ ಗಲಾಟೆಯನ್ನೂ ಮಾಡಿದ್ದಾನೆ. ಅಕ್ಕನ ಕಪಾಟಿನ ಕೀಲಿ ಮಾತ್ರ ಅವನಿಗೆ ಸಿಗಲಿಲ್ಲ. ಅಕ್ಕನ ಮಗಳ ಕೈ ಮುರಿದಾಗಲೂ ಬಾಯಿ ಬಿಡದೆ ಆಸ್ಪತ್ರೆಯಲ್ಲಿ ಅವಳ ತಲೆ ಸವರುತ್ತಾ ಕೂತಿದ್ದ. ಬ್ಯಾವರ್ಸಿ! ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು.

ಅಶ್ಮಿತಾಳಿಗೆ ಫೋನ್ ಹಚ್ಚಿದೆ. ರಕ್ತ ಮೆತ್ತಿದ ಕೈಯಲ್ಲಿ ಕಿವಿಗೆ ಹಿಡಿಯಲಾಗದೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಹಲೋ ಅಂಕಲ್?"

ದೇವರೇ, ಜೀವ ಬಂತು. "ಮಗಳೇ, ಸುಮ್ನೆ ಹೌದು, ಇಲ್ಲ ಅಂತ ಮಾತ್ರ ಹೇಳು. ಮಾಮ ಹತ್ರ ಇದ್ದಾನಾ?"

"ನೋ, ಹೊರಗಿದ್ದಾರೆ. ಅಂಕಲ್, ನಾವು ಅಬುಧಾಬಿ ರೋಡಲ್ಲೇ ಇಲ್ಲ. ಶಾರ್ಟ್‌ಕಟ್ ಅಂತ ಎಲ್ಲೋ ತಿರುಗಿಸಿದ್ರು. ಎರಡೂ ಕಡೆ ಬರೀ ಮರಳು. ಒಂಟೆ ಬೇಲಿ ಮಾತ್ರ ಕಾಣ್ತಿದೆ. ಮಾಮ ಡಿಕ್ಕಿ ಹತ್ರ ನಿಂತು ಅಮ್ಮನ ಕಂಬಳಿ ಚೀಲ ಚೂರಿಯಲ್ಲಿ ಹರೀತಿದ್ದಾರೆ. ವೈ ಇಸ್ ಹಿ ಡೂಯಿಂಗ್ ದಟ್?"

"ಕಾರಿನ ಬಾಗಿಲು ಒಳಗಿಂದ ಲಾಕ್ ಮಾಡು. ಈಗಲೇ!"

"ಯಾಕಂಕಲ್... ಮಾಮ? ಮಾಮ, ಎಂತಾಯ್ತು? ಡೋಂಟ್..."

ಬಾಗಿಲು ತೆರೆದ ಸದ್ದು. ಏಟಿನ ಸದ್ದು. ಆಮೇಲೆ ಹುಡುಗಿಯ ಚೀರಾಟ, ಮುರಿದ ಕೈಯನ್ನು ಯಾರಾದರೂ ಹಿಡಿದೆಳೆದರೆ ಮಾತ್ರ ಬರುವಂಥದ್ದು. ನಾನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ರಂಜಿತ್! ಏಯ್ ರಂಜಿತ್! ಅವಳನ್ನು ಮುಟ್ಟಿದರೆ ನಿನ್ನನ್ನು ಅಲ್ಲೇ ಹುಗಿಯುತ್ತೇನೆ!"

ಫೋನು ಕೈ ಬದಲಾಯಿತು. ಏದುಸಿರು.

"ಎಲ್ಲಿ ಅದು ಮೋಹನಣ್ಣ?"

"ಎಂತದ್ದು?"

"ನಾಟಕ ಬೇಡ!" ಅವನ ದನಿ ಒಡೆದು ಹೋಗಿತ್ತು. "ಚೀಲದಲ್ಲಿ ದೋಸೆ ಕಾವಲಿ ಇಟ್ಟು ಕಳಿಸಿದ್ದೀರಿ! ಕಾವಲಿ, ಅದಕ್ಕೆ ಟವೆಲ್ ಬೇರೆ ಸುತ್ತಿ! ಲ್ಯಾಪ್‌ಟಾಪ್ ಎಲ್ಲಿ?"

ಒಂದು ಕ್ಷಣ ನನಗೂ ಅರ್ಥವಾಗಲಿಲ್ಲ. ಆಮೇಲೆ ಅಡಿಗೆಮನೆಯ ಪಾತ್ರೆಯ ಸದ್ದು ನೆನಪಾಯಿತು. ಬಿಸಿಲಿಗೆ ಹಾಳಾಗುತ್ತದೆ. ಅವಳು ನನ್ನ ಮಾತಿಗೆ ಬಗ್ಗಿರಲೇ ಇಲ್ಲ. ತಮ್ಮನ ಮೇಲೆ ಸಂಶಯ ಬಂದು ಮಾಡಿದ್ದಲ್ಲ ಅದು. ಲ್ಯಾಪ್‌ಟಾಪಿಗೆ ಸೆಕೆಯಾದೀತೆಂದು, ತೂಕಕ್ಕೆ ಕಾವಲಿ ಕಟ್ಟಿ ಕೊಟ್ಟು, ನಮ್ಮಿಬ್ಬರ ಬಾಯಿಯನ್ನೂ ಮುಚ್ಚಿಸಿದ್ದಳು.

"ಮನೆಯಲ್ಲೇ ಉಂಟಲ್ಲ ಹಾಗಾದ್ರೆ," ಎಂದ ರಂಜಿತ್, ಉಸಿರು ಹಿಡಿದು. "ಕೇಳಿ. ಅಕ್ಕ ಅದನ್ನು ತಕೊಂಡು ಬರ್ಬೇಕು. ಒಬ್ಬಳೇ. ಎಲ್ಲಿಗೆ ಅಂತ ಆಮೇಲೆ ಹೇಳ್ತೇನೆ. ಪೊಲೀಸ್ ಗಿಲೀಸ್ ಅಂದ್ರೆ, ಇಲ್ಲಿ ನೆರಳಿಲ್ಲ, ನೀರಿಲ್ಲ ಮೋಹನಣ್ಣ. ಇವಳನ್ನು ಇಳಿಸಿ ಹೋದ್ರೆ ಸಾಕು. ನಾನು ಬೇರೆ ಎಂತದೂ ಮಾಡ್ಬೇಕು ಅಂತಿಲ್ಲ."

"ನಿನ್ನ ಅಕ್ಕನ ಮಗಳು ಕಣೋ ಅವಳು!"

"ಗೊತ್ತುಂಟು," ಎಂದ. ಅವನು ಅಳುತ್ತಿದ್ದ ಎನಿಸಿತು. "ಆ ಚಿನ್ನ ಸಿಗದಿದ್ರೆ ನನ್ನನ್ನೂ ಉಳಿಸೂದಿಲ್ಲ ಅವರು. ಖಲಾಸ್."

ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

ಈಗ ಹುಡುಗಿಯ ಜೀವ ಇರುವುದು ಆ ಒಂದು ಲ್ಯಾಪ್‌ಟಾಪಿನಲ್ಲಿ. ಅದು ಜಲಜಾಕ್ಷಿಯ ಹತ್ತಿರ ಭದ್ರವಾಗಿರುವವರೆಗೆ ಹುಡುಗಿ ಬದುಕಿರುತ್ತಾಳೆ. ಜಲಜಾಕ್ಷಿಗೆ ಹಚ್ಚಿದೆ. ಬೇರೆ ಕರೆಯಲ್ಲಿದ್ದಾರೆ ಎಂದಿತು ಫೋನು. ಮತ್ತೆ ಹಚ್ಚಿದೆ. ಮತ್ತೂ ಅದೇ.

ಈ ಹೊತ್ತಿನಲ್ಲಿ ಯಾರ ಹತ್ತಿರ ಪಟ್ಟಾಂಗ ಈ ಹೆಂಗಸಿಗೆ, ಎಂದು ಬೈಯುತ್ತಾ ಝಾಹಿದನ ಕಡೆ ತಿರುಗಿದೆ.

ಗೋಡೆಯಲ್ಲಿ ಅವನ ಕೈಯ ರಕ್ತದ ಗುರುತಿತ್ತು. ಅವನಿರಲಿಲ್ಲ.

ಸ್ಪೀಕರ್! ರಂಜಿತ್ ಕಿರುಚಿದ್ದನ್ನೆಲ್ಲ ಅವನು ನಿಂತಲ್ಲೇ ಕೇಳಿಸಿಕೊಂಡಿದ್ದ. ನಾನು ಮೇಜಿನ ಅಂಚು ಹಿಡಿದು ನಿಂತಿದ್ದಾಗ ನನ್ನ ಬೆನ್ನ ಹಿಂದಿನಿಂದಲೇ ಜಾರಿ ಹೋಗಿದ್ದ. ಓಡಿ ಹೋಗಿ ಶಟರಿನಡಿ ನುಸುಳಿದೆ. ನೆತ್ತಿ ಸುಡುವ ಬಿಸಿಲು. ಗಲ್ಲಿಯ ತುಂಬಾ ಬಿಳಿ ಬಟ್ಟೆಯ ಜನ ಚಾಪೆ ಹಾಸಿ ನಮಾಜಿಗೆ ಸಾಲು ನಿಂತಿದ್ದರು. ಅವರಲ್ಲಿ ಝಾಹಿದನನ್ನು ಎಲ್ಲಿ ಹುಡುಕುವುದು?

ಕೈಯಲ್ಲಿ ಫೋನು ಬಡಿದುಕೊಂಡಿತು. ಜಲಜಾಕ್ಷಿ.

"ಮೋಹನಣ್ಣ, ನೀವು ಫೋನ್ ಮಾಡಿದ್ರಾ? ನಾನು ಅಂಗಡಿಯವರ ಹತ್ರ ಮಾತಾಡ್ತಿದ್ದೆ. ಆ ಝಾಹಿದ್ ಫೋನ್ ಮಾಡಿದ್ದ." ಅವಳ ದನಿಯಲ್ಲಿ ಎಂಥ ಸಂಭ್ರಮ! "ಬ್ಯಾಟರಿ ನಿಲ್ಲೂದಿಲ್ಲ ಅಂತ ಅವರಿಗೇ ಗೊತ್ತಾಗಿದೆ ನೋಡಿ. ವಾರಂಟಿಯಲ್ಲಿ ಹೊಸ ಬ್ಯಾಟರಿ ಹಾಕಿ ಕೊಡ್ತಾರಂತೆ, ಫ್ರೀ! ಈಗಲೇ, ಇಲ್ಲೇ!"

"ಜಲಜಕ್ಕ, ಕೇಳಿ, ಬಾಗಿಲು ತೆಗೀಬೇಡಿ! ಯಾರಿಗೂ—"

"ತೆಗೀಲಿಲ್ಲ ಮಾರ್ರೆ, ನೀವು ಅಷ್ಟು ಸಲ ಹೇಳಿದ ಮೇಲೆ ತೆಗಿತೇನಾ? ಅದಕ್ಕೇ ನಾನೇ ಕೆಳಗೆ ತಕೊಂಡು ಹೋಗ್ತಿದ್ದೇನೆ. ಅವರ ಜನ ವ್ಯಾನಿನಲ್ಲಿ ಬಂದು ಕಾಯ್ತಿದ್ದಾನಂತೆ. ಆನ್ಸೆಲ್ಮ್ ಅಂತೆ ಹೆಸರು. ನಮ್ಮ ಮಂಗಳೂರಿನವನೇ ಅಂತೆ."

"ಜಲಜಕ್ಕ! ನಿಲ್ಲಿ! ಅಶ್ಮಿತಾ—"

"ಅವಳಿಗೆ ಎಂತದು ಹೆದರಿಕೆ, ಮಾಮ ಇದ್ದಾನಲ್ಲ ಜೊತೆಗೆ. ತಡೀರಿ, ಲಿಫ್ಟು ಬಂತು."

ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ಆ ಬಿಲ್ಡಿಂಗಿನ ಲಿಫ್ಟಿನೊಳಗೆ ಸಿಗ್ನಲ್ ಸಿಗುವುದಿಲ್ಲ.